ತೋಳಿನ ಮೇಲೆ ಹದ್ದು, ಸಮಾಧಿ ಕಲ್ಲಿನ ಮೇಲೆ ಬೇರೆ ಲಾಂಛನ: ಯಾವುದು ಸರಿ?

ಕೇಳಿದವರು: ನಮ್ಮ ಅಜ್ಜಿಯ ಅಣ್ಣ ಮದ್ರಾಸ್ ಸ್ಯಾಪರ್ಸ್ ಅನ್ನುವ ಸೇನೆಯ ಎಂಜಿನಿಯರಿಂಗ್ ದಳದಲ್ಲಿದ್ದರು. 1944ರಲ್ಲಿ ಇಟಲಿಯಲ್ಲಿ ತೀರಿಕೊಂಡರು, ಸಮಾಧಿ ಕ್ಯಾಸಿನೋದಲ್ಲಿದೆ. ಮನೆಯ ಹಳೇ ಫೋಟೋದಲ್ಲಿ ತೋಳಿಗೆ ಹದ್ದಿನ ಪಟ್ಟಿ ಇದೆ. ಕಲ್ಲಿನ ಮೇಲೆ ಹದ್ದೇ ಇಲ್ಲ! ಕಲ್ಲು ತಪ್ಪಾ? ಅವರ ತುಕಡಿಯ ಕಥೆ ಎಲ್ಲಿ ಸಿಗುತ್ತದೆ?

ಬೆಂಗಳೂರಿನಿಂದ: ಎರಡೂ ಸರಿ. ಯುದ್ಧದಲ್ಲಿ ಸತ್ತವರ ಸಮಾಧಿ ನೋಡಿಕೊಳ್ಳುವ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ಕಲ್ಲುಗಳ ಮೇಲೆ ಕೆತ್ತುವುದು ಸಾಮಾನ್ಯವಾಗಿ ರೆಜಿಮೆಂಟಿನ ಇಲ್ಲವೇ ಕೋರಿನ (ಸ್ಯಾಪರ್ಸ್‌ನಂಥ ದಳದ) ಲಾಂಛನ. ಡಿವಿಷನ್ ಅಂದರೆ ಹಲವು ರೆಜಿಮೆಂಟು, ದಳಗಳ ತುಕಡಿಗಳು ಸೇರಿದ ದೊಡ್ಡ ಪಡೆ; ಅದರ ಗುರುತು ಇರುತ್ತಿದ್ದದ್ದು ತೋಳಿನ ಮೇಲೆ, ಗಾಡಿಗಳ ಮೇಲೆ. ನಿಮ್ಮ ಹದ್ದು 4ನೇ ಇಂಡಿಯನ್ ಡಿವಿಷನ್ನಿನದು. ಬಣ್ಣ ಕೆಂಪು, ಕಪ್ಪು ಬಿಳುಪು ಫೋಟೋದಲ್ಲಿ ಗೊತ್ತಾಗಲ್ಲ ಅಷ್ಟೇ. 5ನೇದಕ್ಕೆ ಕೆಂಪು ಉಂಡೆ, 17ನೇದಕ್ಕೆ ಕರಿ ಬೆಕ್ಕು. 17ನೇದಕ್ಕೆ ಮೊದಲು ಮಿಂಚಿನ ಗುರುತಿತ್ತು, ಬೆಕ್ಕು ಆಮೇಲೆ ಬಂತು. ಹಾಗಾಗಿ ಪಟ್ಟಿ ನೋಡಿದಾಗ ಫೋಟೋ ಯಾವ ಕಾಲದ್ದು ಅಂತಲೂ ನೋಡಿ.

ಇತಿಹಾಸದ ಹುಚ್ಚಿರುವ ಇನ್ನೊಬ್ಬರು: ಹದ್ದಿನವರ ಕಥೆ ದೊಡ್ಡದು. 1940ರಲ್ಲಿ ಈಜಿಪ್ಟಿನ ಸಿದಿ ಬರಾನಿ, 1941ರಲ್ಲಿ ಎರಿಟ್ರಿಯಾದ ಕೆರೆನ್, 1943ರಲ್ಲಿ ಟ್ಯುನೀಷಿಯಾ, 1944ರ ಫೆಬ್ರವರಿ, ಮಾರ್ಚ್‌ನಲ್ಲಿ ಕ್ಯಾಸಿನೋ. ಅಲ್ಲಿ ಬೆಟ್ಟದ ಮೇಲಿನ ಮಠದ ಹಿಂದಕ್ಕೆ ಟ್ಯಾಂಕ್ ಹತ್ತಿಸಲು ಕ್ಯಾವೆಂಡಿಶ್ ರೋಡ್ ಅಂತ ಒಂದು ದಾರಿ ಕಡಿದರು. ಕೆಲಸ ಈ ಡಿವಿಷನ್ನಿನ ಸ್ಯಾಪರ್‌ಗಳದು, ಜೊತೆಗೆ ನ್ಯೂಜಿಲೆಂಡಿನ ಎಂಜಿನಿಯರುಗಳು. ಹತ್ತಿರದ ಮಿನ್ಯಾನೋದಲ್ಲಿ 1944ರ ಫೆಬ್ರವರಿ 24ರಂದು ಮದ್ರಾಸ್ ಸ್ಯಾಪರ್ಸ್‌ನ ಸುಬೇದಾರ್ ಸುಬ್ರಹ್ಮಣ್ಯಂ ಸಿಡಿಯಲಿದ್ದ ಮೈನ್ (ನೆಲಬಾಂಬ್) ಮೇಲೆ ತಾವೇ ಬಿದ್ದು ಜೊತೆಯವರನ್ನು ಉಳಿಸಿದರು. ಸತ್ತ ಮೇಲೆ ಜಾರ್ಜ್ ಕ್ರಾಸ್ ಅನ್ನುವ ಶೌರ್ಯ ಪದಕ ಬಂತು. ನಮ್ಮೂರಲ್ಲಿ ಈ ಹೆಸರು ಎಷ್ಟು ಜನಕ್ಕೆ ಗೊತ್ತು ಹೇಳಿ?

ಆದರೆ ಒಂದು ಎಚ್ಚರ. ಸ್ಯಾಪರ್ಸ್ ಲಾಂಛನ ಒಂದೇ ಆದರೂ ಅವರ ಕಂಪನಿಗಳು ಬೇರೆ ಬೇರೆ ಡಿವಿಷನ್‌ಗಳಲ್ಲಿದ್ದವು, ಬರ್ಮಾದಲ್ಲೂ ಇದ್ದವು. ಮುಖ್ಯ ಬೇಕಾದ್ದು ಫೀಲ್ಡ್ ಕಂಪನಿಯ (ಅವರಿದ್ದ ಸ್ಯಾಪರ್ ತುಕಡಿಯ) ನಂಬರ್ ಮತ್ತು ತೀರಿಕೊಂಡ ದಿನಾಂಕ. ಎರಡೂ ಕೈಗೆ ಸಿಕ್ಕರೆ ಲಂಡನ್ನಿನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಆ ಕಂಪನಿಯ ಯುದ್ಧ ದಿನಚರಿ, ಅಂದರೆ ತುಕಡಿಯವರೇ ಬರೆದಿಟ್ಟ ದಿನದ ದಾಖಲೆ, ಇದೆಯೇ ಅಂತ ಕೇಳಿ. 

ಕೋಲಾರದಿಂದ: ಕಮಿಷನ್ನಿನ ಜಾಲತಾಣದಲ್ಲಿ ಹೆಸರು ಹಾಕಿ ಸುಮ್ನೆ ಸೋಲಬೇಡಿ. ಕಾಗುಣಿತ ಏನೇನೋ ಆಗಿರುತ್ತದೆ. ದಾಖಲೆಯಲ್ಲಿ ಎಷ್ಟೋ ಸಲ ತಂದೆ ಹೆಸರು, ಊರು ಬರೆದಿರುತ್ತಾರೆ, ಅದರಿಂದ ಹುಡುಕಿ. ಊರು ಹಳೇ ಇಂಗ್ಲಿಷ್ ಸ್ಪೆಲಿಂಗಿನಲ್ಲಿ, ಪಕ್ಕದಲ್ಲಿ ಮೈಸೂರು ಅಂತ ಇರಬಹುದು. ಇದನ್ನು ಓದುವ ಬೇರೆಯವರಿಗೂ ಒಂದು ಮಾತು: ಹಿಂದೂ, ಸಿಖ್ ಸೈನಿಕರನ್ನು ದಹನ ಮಾಡುತ್ತಿದ್ದರಿಂದ ಹಲವರಿಗೆ ಕಲ್ಲೇ ಇಲ್ಲ. ಹೆಸರು ಸ್ಮಾರಕದ ಪಟ್ಟಿಯಲ್ಲಿರುತ್ತದೆ. ನಾಗಾಲ್ಯಾಂಡಿನ ಕೊಹಿಮಾದ ದಹನ ಸ್ಮಾರಕದಲ್ಲೇ 917 ಹೆಸರಿವೆ.

ಅಮೆರಿಕದಿಂದ: ಇಟಲಿಯ ಫ್ಲಾರೆನ್ಸ್ ಹತ್ತಿರದ ಅಮೆರಿಕನ್ ಸ್ಮಶಾನ ನೋಡಿದ್ದೇನೆ. ಅಲ್ಲಿ ಶಿಲುಬೆಯ ಮೇಲೆ ರೆಜಿಮೆಂಟ್, ಡಿವಿಷನ್ ನಂಬರ್ ಎರಡನ್ನೂ ಕೆತ್ತಿರುತ್ತಾರೆ, ಆದರೆ ತೋಳಿನ ಚಿತ್ರ ಇರಲ್ಲ. ಹುಡುಕುವವರಿಗೆ ಇದೇ ವಾಸಿ ಅಲ್ವಾ?

ಕೇಳಿದವರು: ದಾಖಲೆ ಸಿಕ್ಕಿತು, ತಂದೆ ಹೆಸರಿನಿಂದಲೇ. ಅದರಲ್ಲಿ ಕಂಪನಿ ನಂಬರ್ ಕೂಡ ಇದೆ. ಕ್ಯೂಗೆ ಪತ್ರ ಬರೆಯುತ್ತೇನೆ.