ಅಜ್ಜನ ಫೋಟೋದ ಕೆಂಪು ಚುಕ್ಕೆ

ಪುಟ್ಟು: ಅಜ್ಜನ ಕ್ಲಾಸ್ ಫೋಟೋ ಎಐಗೆ ಹಾಕಿ ಕಲರ್ ಮಾಡಿಸಿದೆ. ಮೈಸೂರು ಮಹಾರಾಜ ಕಾಲೇಜು, 1940. ಕಲೆಗಳೆಲ್ಲ ಹೋಗಿವೆ ನೋಡಿ. ಕೆಳಗೆ 'ನಮ್ಮ ಸ್ವಾತಂತ್ರ್ಯ ವೀರರು' ಅಂತ ಹಾಕಿದ್ದೇನೆ. ಎಲ್ಲರೂ ಸ್ಟೇಟಸ್ ಇಟ್ಟುಕೊಳ್ಳಿ.

ದೊಡ್ಡಪ್ಪ: ಭಲೇ! ಆದರೆ ಅಪ್ಪನ ಕೋಟು ನೀಲಿ ಅಲ್ಲ, ಕಂದು. ಟ್ರಂಕಿನಲ್ಲಿ ನಾನೇ ನೋಡಿದ್ದೇನೆ.

ಅತ್ತೆ: ಅವು ಕಲೆ ಅಲ್ಲ ಕಣೋ ಪುಟ್ಟು. ಅಪ್ಪ ಇಟ್ಟ ಚುಕ್ಕೆ.

ಪುಟ್ಟು: ಯಾವ ಚುಕ್ಕೆ ಅತ್ತೆ?

ಅತ್ತೆ: ಜೊತೆಯವರು ತೀರಿಕೊಂಡ ಸುದ್ದಿ ಬಂದರೆ ಅಪ್ಪ ಫೋಟೋ ಇಳಿಸಿ, ಕಟ್ಟು ಬಿಚ್ಚಿ, ಅವರ ಕೋಟಿನ ಮೇಲೆ ಕೆಂಪು ಶಾಯಿಯಲ್ಲಿ ಒಂದು ಚುಕ್ಕೆ ಇಡುತ್ತಿದ್ದರು. ರಟ್ಟಿನ ಹಿಂದೆ ಇಸವಿ. ಮಾತಿಲ್ಲ. ಮೊಳೆಗಳನ್ನು ಅಂಗೈಲಿ ಇಟ್ಟುಕೊಂಡು ನಾನು ಪಕ್ಕದಲ್ಲಿ ನಿಂತಿರುತ್ತಿದ್ದೆ. ಎಲ್ಲ ಒರೆಸಿ ಹಾಕಿದ್ದೀಯಲ್ಲೋ!

ದೊಡ್ಡಪ್ಪ: ಇನ್ನೊಂದು ತಪ್ಪು. ಎಡತುದಿಯವರು ಬ್ರಿಟಿಷರ ಸೈನ್ಯ ಸೇರಿ ಬರ್ಮಾದಲ್ಲಿ ಹೋದವರು. ಅವರು ಹೇಗೆ ಸ್ವಾತಂತ್ರ್ಯ ವೀರರು? ಅವರನ್ನು ಕ್ರಾಪ್ ಮಾಡು.

ನಾನು: ದೊಡ್ಡಪ್ಪ, ಕ್ರಾಪ್ ಯಾಕೆ? ಕೆಳಗಿನ ಬರಹ ತೆಗೆದರೆ ಸಾಕಲ್ವಾ? ಎರಡನೇ ಮಹಾಯುದ್ಧ ಮುಗಿಯುವಾಗ ಭಾರತದ ಸೈನ್ಯದಲ್ಲಿ 25 ಲಕ್ಷ ಜನ ಇದ್ದರು. ಸಂಬಳಕ್ಕೆ ಸೇರಿದವರು ಎಷ್ಟೋ, ಜಪಾನ್ ಬಂದುಬಿಟ್ಟೀತು ಅಂತ ಸೇರಿದವರು ಎಷ್ಟೋ. ನಮ್ಮ ಮೈಸೂರು ಸಂಸ್ಥಾನದ ದಳವೇ ಸಿಂಗಾಪುರದಲ್ಲಿತ್ತು. 1942ರ ಫೆಬ್ರವರಿ 15ಕ್ಕೆ ಊರು ಶರಣಾದಾಗ ಸೆರೆ ಸಿಕ್ಕಿತು. ಸೆರೆಯಾದ ಭಾರತೀಯರಲ್ಲಿ ಎಷ್ಟೋ ಜನ ಆಜಾದ್ ಹಿಂದ್ ಫೌಜ್ ಸೇರಿದರು, ಎಷ್ಟೋ ಜನ ಸೇರಲಿಲ್ಲ. ಇವರನ್ನೆಲ್ಲ ಯಾವ ಸಾಲಿನಲ್ಲಿ ಕೂರಿಸುತ್ತೀರಿ?

ದೊಡ್ಡಪ್ಪ: ಅದೇ ವರ್ಷ ಆಗಸ್ಟಿನಲ್ಲಿ ಕ್ವಿಟ್ ಇಂಡಿಯಾ ಅಂತ ಕ್ಲಾಸ್ ಬಿಟ್ಟು ಜೈಲಿಗೆ ಹೋದ ಹುಡುಗರೂ ಇದ್ದರಲ್ಲಪ್ಪ. ಇಬ್ಬರೂ ಒಂದೇನಾ?

ಅತ್ತೆ: ಅಣ್ಣಾ, ಜೈಲಿಗೆ ಹೋದವರು ಆ ಎಡತುದಿಯವರ ಪಕ್ಕದಲ್ಲೇ ಕೂತಿದ್ದಾರೆ. ಹಾಸ್ಟೆಲಿನಲ್ಲಿ ಒಂದೇ ರೂಮು. ದಸರಾಕ್ಕೆ ನಮ್ಮನೆಗೆ ಬರುತ್ತಿದ್ದರಲ್ಲ, ಖಾದಿ ಜುಬ್ಬ, ನಶ್ಯದ ಡಬ್ಬಿ. ಬಂದವರೇ ಫೋಟೋ ಹತ್ತಿರ ಹೋಗಿ, ಪಂಚೆ ತುದಿಯಲ್ಲಿ ಗಾಜು ಒರೆಸಿ, 'ನನ್ನ ರೇಜರ್ ತಗೊಂಡು ಹೋದೆಯಲ್ಲೋ ಕಳ್ಳ' ಅಂತ ಬೈಯುತ್ತಿದ್ದರು. ವರ್ಷಾ ವರ್ಷಾ ಇದೇ ಬೈಗುಳ. ನಿನಗೆ ನೆನಪಿಲ್ವಾ?

ದೊಡ್ಡಪ್ಪ: ನಶ್ಯ ನೆನಪಿದೆ.

ನಾನು: ಬರ್ಮಾದ ರಂಗೂನ್ ಹತ್ತಿರ ತೌಕ್ಯಾನ್‌ನಲ್ಲಿ ಯುದ್ಧ ಸ್ಮಾರಕ ಇದೆ. ಸಮಾಧಿ ಎಲ್ಲಿ ಅಂತಲೇ ಗೊತ್ತಿಲ್ಲದ ಸುಮಾರು 27,000 ಜನರ ಹೆಸರನ್ನು ಅಲ್ಲಿ ಕೆತ್ತಿದ್ದಾರೆ. ಜಾಸ್ತಿ ಭಾರತೀಯರೇ. ನಮ್ಮಲ್ಲಿ ಆ ಎಡತುದಿಯವರ ಗುರುತು ಅಂತ ಉಳಿದಿರೋದು ಆ ಒಂದು ಚುಕ್ಕೆ.

ಪುಟ್ಟು: ಸಾರಿ ಅತ್ತೆ. ಡಿಲೀಟ್ ಮಾಡಿದೆ. ಹಿಂದಿನ ರಟ್ಟಿನ ಫೋಟೋ ತೆಗೆದು ಕಳಿಸ್ತೀರಾ? ಯಾರಿಗೆ ಯಾವ ಇಸವಿ ಅಂತ ಟೈಪ್ ಮಾಡಿ ಇಡುತ್ತೇನೆ.

ಅತ್ತೆ: ಈಗ ತಾನೇ ಇಳಿಸಿದೆ. ಚುಕ್ಕೆ ಇಲ್ಲದವರು ಇಬ್ಬರು, ಹಿಂದಿನ ಸಾಲು. ಅವರ ಸುದ್ದಿ ಬರುವ ಮುಂಚೆ ಅಪ್ಪ ಹೋದರು.

ದೊಡ್ಡಪ್ಪ: ಮೂವರು. ಅಪ್ಪನಿಗೂ ಇಲ್ಲ.

ಅತ್ತೆ: ಅದು ನನ್ನ ಕೈಲಾಗಲ್ಲ ಅಣ್ಣ. ನೀನೇ ಬಂದು ಇಡು.

ದೊಡ್ಡಪ್ಪ: ಭಾನುವಾರ ಬರುತ್ತೇನೆ. ಕೆಂಪು ಶಾಯಿ ತರಿಸಿಡು. ಪುಟ್ಟು, ಆ ಕೋಟು ಕಂದು.