ಉರಿಯೂ ಇಲ್ಲ, ಊತವೂ ಇಲ್ಲ: ಕಿಡ್ನಿಯ ‘ಉರಿಯೂತ’ಕ್ಕೆ ಬೇರೆ ಪದ ಇದೆಯಾ?

ಎರಡು ಪದಗಳ ವಿಷಯದಲ್ಲಿ ನಿಮ್ಮೆಲ್ಲರ ಸಹಾಯ ಬೇಕು. ಸಕ್ಕರೆ ಕಾಯಿಲೆಯಿಂದ ಕಿಡ್ನಿ ಹೇಗೆ ಕೆಡುತ್ತದೆ ಅಂತ ತಿಳಿಸುವ ಎರಡು ಪುಟದ ಕರಪತ್ರ ಬರೆಯುತ್ತಿದ್ದೇನೆ. ಶಿರಸಿ ಸುತ್ತಿನ ಹಳ್ಳಿಗಳಲ್ಲಿ ಹಂಚಲಿಕ್ಕೆ. ‘ಇನ್‌ಫ್ಲಮೇಶನ್’ (ಗಾಯವೋ ಕಾಟವೋ ಆದಲ್ಲಿಗೆ ರಕ್ತದ ಬಿಳಿಕೋಶಗಳು ಬಂದು ಸೇರುವುದು) ಅನ್ನುವಲ್ಲಿ ಬಂದು ನಿಂತಿದ್ದೇನೆ. ನಿಘಂಟು ತೆಗೆದರೆ ‘ಉರಿಯೂತ’. ಪೇಪರಿನಲ್ಲೂ ಅದೇ. ಆದರೆ ಅದನ್ನು ಬರೆಯಲು ನನಗೆ ಕೈ ಬರುತ್ತಿಲ್ಲ.

ಹೋದ ಬೇಸಿಗೆಯಲ್ಲಿ ಕುಮಟೆಯ ಚಿಕ್ಕಮ್ಮನ ಮನೆಗೆ ಹೋಗಿದ್ದೆ. ಅವರಿಗೆ ಹದಿನೈದು ವರ್ಷದಿಂದ ಶುಗರ್. ಕಿಡ್ನಿಯೂ ಸೋತಿದೆ. ಹಿತ್ತಲಲ್ಲಿ ನೋಡಿದರೆ ಕುಡಿದು ಎಸೆದ ಎಳನೀರಿನ ಬೊಂಡಗಳ ರಾಶಿ. ದಿನಕ್ಕೆ ಎರಡು, ಕೆಲವು ದಿನ ಮೂರು. ಕೇಳಿದರೆ, ಯಾರೋ ಕೊಟ್ಟ ಒಂದು ಹಾಳೆ ತೋರಿಸಿದರು. ‘ಮೂತ್ರಪಿಂಡದಲ್ಲಿ ಉರಿಯೂತ ಉಂಟಾಗುತ್ತದೆ’ ಅಂತ ಇತ್ತು. “ಉರಿ ಹೇಳಿ ಬರೆದಿದ್ರಲ್ಲೋ ಮಾರಾಯ, ತಂಪಾಗ್ಲಿ ಹೇಳಿ ಕುಡಿದೆ” ಅಂದರು. ತಪ್ಪು ಅವರದಲ್ಲ. ಉರಿ ಅಂದರೆ ಎಳನೀರು, ಒಂದೆಲಗದ ತಂಬುಳಿ, ಇದು ನಮ್ಮ ಕಡೆ ಯಾರಿಗೆ ಗೊತ್ತಿಲ್ಲ? ಆದರೆ ಎಳನೀರಿನಲ್ಲಿ ಪೊಟ್ಯಾಶಿಯಂ ಜಾಸ್ತಿ. ಸೋತ ಕಿಡ್ನಿ ಅದನ್ನು ಹೊರಗೆ ಹಾಕಲಾರದು. ರಕ್ತದಲ್ಲಿ ಅದು ಏರಿದರೆ ಎದೆಬಡಿತವೇ ತಪ್ಪಬಹುದು. ಮರುದಿನ ರಕ್ತ ಪರೀಕ್ಷೆ ಮಾಡಿಸಿದಾಗ ಏರಿಯೇ ಇತ್ತು. ಎಳನೀರು ಬಿಡಿಸಿ, ಔಷಧ ಕೊಟ್ಟು ಸರಿಮಾಡಿದರು. ಒಂದು ಪದದಿಂದ ಇಷ್ಟೆಲ್ಲ ಆಯಿತಲ್ಲ ಅಂತ ನನಗೆ ಇವತ್ತಿಗೂ ಎದೆ ಝಲ್ಲೆನ್ನುತ್ತದೆ.

ಉರಿಯೂತ ಕೆಟ್ಟ ಪದವೇನಲ್ಲ. ಉರಿ, ಊತ ಎರಡೂ ಅಚ್ಚ ಕನ್ನಡ. ಸುಮಾರು 2000 ವರ್ಷದ ಹಿಂದೆ ವೈದ್ಯಗ್ರಂಥ ಬರೆದ ರೋಮಿನ ಸೆಲ್ಸಸ್ ಇದಕ್ಕೆ ನಾಲ್ಕು ಗುರುತು ಹೇಳಿದ್ದ: ಕೆಂಪು, ಊತ, ಬಿಸಿ, ನೋವು. ನಮ್ಮ ಪದ ಅದರಲ್ಲಿ ಎರಡನ್ನು ಹಿಡಿದಿಟ್ಟಿದೆ. ಗಂಟಲಿಗೆ, ಮಂಡಿಗೆ, ಜೇನು ಕಚ್ಚಿದ ಕೈಗೆ ಚೆಂದ ಒಪ್ಪುತ್ತದೆ. ಸಕ್ಕರೆ ಕಾಯಿಲೆಯವರ ಕಿಡ್ನಿಯಲ್ಲಿ ಮಾತ್ರ ವರ್ಷಗಟ್ಟಲೆ ಒಂದೂ ಕಾಣುವುದಿಲ್ಲ. ಮೂತ್ರದಲ್ಲಿ ಅಲ್ಬುಮಿನ್ ಎಂಬ ಪ್ರೋಟೀನ್, ಕ್ರಿಯಾಟಿನಿನ್ ಎಂಬ ದೇಹದ ಕಸದ ಒಂದು ಗ್ರಾಂಗೆ 30 ಮಿಲಿಗ್ರಾಂ ಮುಟ್ಟಿದೆಯಾ ಅಂತ ಪರೀಕ್ಷೆ ಮಾಡಿಯೇ ತಿಳಿಯಬೇಕು. ಮುಂದೆ ಕಾಲು ಊದುತ್ತದೆ ನಿಜ. ಅದು ನೀರು ತುಂಬಿ ಆಗುವ ಊತ. ಇನ್ನೊಂದು ತೊಡಕು: ನೆಫ್ರೈಟಿಸ್ ಎಂಬ ಬೇರೆ ರೋಗಕ್ಕೂ ‘ಮೂತ್ರಪಿಂಡದ ಉರಿಯೂತ’ ಅಂತಲೇ ಬರೆಯುತ್ತಾರೆ.

ಎರಡನೆಯ ಪ್ರಶ್ನೆ ‘ಸಿಗ್ನಲಿಂಗ್ ಪಾಥ್‌ವೇ’ ಬಗ್ಗೆ, ಅಂದರೆ ಕೋಶದೊಳಗೆ ಸುದ್ದಿ ಒಂದರಿಂದ ಇನ್ನೊಂದಕ್ಕೆ ದಾಟುವ ಬಗೆ. ‘ಸಂಕೇತ ಪಥ’ ಅಂದರೆ ರಸ್ತೆ ಬದಿಯ ಫಲಕ ನೆನಪಾಗುತ್ತದೆ, ಅಲ್ವಾ? ಒಳಗೆ ನಡೆಯುವುದು ಹೀಗೆ. ಎನ್‌ಎಫ್ ಕಪ್ಪಾ ಬಿ ಅನ್ನುವ ಪ್ರೋಟೀನ್ ಕೋಶದೊಳಗೆ ಸುಮ್ನೆ ಇರುತ್ತದೆ, ಕೊಟ್ಟಿಗೆಯಲ್ಲಿ ಕಟ್ಟಿದ ಹೋರಿಯ ಹಾಗೆ. ಐ ಕಪ್ಪಾ ಬಿ ಎಂಬ ಇನ್ನೊಂದು ಪ್ರೋಟೀನ್ ಅದನ್ನು ಕಟ್ಟಿದ ಕಣ್ಣಿ. ಸಕ್ಕರೆ ಏರಿ ಕೋಶಕ್ಕೆ ಕಾಟ ಜಾಸ್ತಿಯಾದಾಗ ಕಣ್ಣಿ ಹರಿಯುತ್ತದೆ. ಹೋರಿ ನೇರ ಕೋಶದ ನಡುವಿನ ಬೀಜಕ್ಕೆ (ನ್ಯೂಕ್ಲಿಯಸ್) ನುಗ್ಗಿ ಜೀನ್‌ಗಳನ್ನು ಎಬ್ಬಿಸುತ್ತದೆ. ಆಗ ಎಂಸಿಪಿ-1 ಎಂಬ ಪ್ರೋಟೀನ್ ಕರೆಯಾಗಿ ಹೊರಡುತ್ತದೆ. ಆ ಕರೆ ಕೇಳಿ ರಕ್ತದ ಬಿಳಿಕೋಶಗಳು ಕಿಡ್ನಿಗೆ ಬಂದು ಸೇರುತ್ತವೆ. ಗಾಯವಾದರೆ ಕೆಲಸ ಮುಗಿದ ಮೇಲೆ ಕರೆ ನಿಲ್ಲುತ್ತದೆ. ಇಲ್ಲಿ ನಿಲ್ಲುವುದೇ ಇಲ್ಲ. ಕೊನೆಗೆ ಕಿಡ್ನಿ ಬಲಿತ ಬೆಂಡೆಕಾಯಿಯಂತೆ ನಾರುಗಟ್ಟುತ್ತದೆ. ಹಾಗಾಗಿ ನನ್ನ ಮನಸ್ಸಿಗೆ ಬಂದದ್ದು ‘ಕರೆಯ ಸರಪಳಿ’. ಎನ್‌ಎಫ್ ಕಪ್ಪಾ ಬಿ ಹೆಸರನ್ನು ಮುಟ್ಟುವುದು ಬೇಡ. 1986ರಲ್ಲಿ ವಿಜ್ಞಾನಿಗಳಾದ ರಂಜನ್ ಸೇನ್, ಡೇವಿಡ್ ಬಾಲ್ಟಿಮೋರ್ ಅದನ್ನು ಬಿ ಕೋಶಗಳಲ್ಲಿ (ಒಂದು ಬಗೆಯ ಬಿಳಿಕೋಶ) ಕಂಡು ಇಟ್ಟ ಹೆಸರು. ಆಮೇಲೆ ಅದು ಹೆಚ್ಚುಕಡಿಮೆ ಎಲ್ಲ ಕೋಶಗಳಲ್ಲೂ ಸಿಕ್ಕಿತು. ಅರ್ಥ ಬಿಡಿಸಿ ಕನ್ನಡಿಸಿದರೆ ಬಿ ಕೋಶಕ್ಕೆ ಮಾತ್ರ ಸೇರಿದ್ದು ಅನ್ನಿಸಿ ದಾರಿ ತಪ್ಪಿಸಿದ ಹಾಗೆ.

ಉರಿಯೂತಕ್ಕೆ ಬದಲು ಏನು? ‘ಬಾವು’ ಅಂದರೆ ಮತ್ತೆ ಊತವೇ. ‘ನಂಜು’ ಅಂತ ಬರೆದರೆ ಬದನೆಕಾಯಿ ಬಿಟ್ಟು ಕೂರುತ್ತಾರೆ, ಶುಗರ್ ಮಾತ್ರೆ ಮರೆಯುತ್ತಾರೆ. ‘ಒಳಗುದಿ’ ಕಿವಿಗೆ ಹಿತ, ಆದರೆ ಅದು ಮನಸ್ಸಿನ ಸಂಕಟದ ಮಾತು, ಬಿಸಿಯೂ ಹೋಗಲಿಲ್ಲ. ನನಗೆ ಹೆಚ್ಚು ಒಪ್ಪಿದ್ದು ‘ಕೆರಳಿಕೆ’. ಹುಣ್ಣು ಕೆರಳಿದೆ ಅಂತ ನಮ್ಮ ಅಜ್ಜಿ ಹೇಳುತ್ತಿದ್ದರು. ಕೆರಳಿದ್ದಕ್ಕೆ ಯಾರೂ ಎಳನೀರು ಕುಡಿಯುವುದಿಲ್ಲ, ಮತ್ತೆ ಕೆಣಕದ ಹಾಗೆ ನೋಡಿಕೊಳ್ಳುತ್ತಾರೆ. ಕಿಡ್ನಿಗೆ ಬೇಕಾದ್ದೂ ಅದೇ ತಾನೇ? ಆದರೆ ಚರ್ಮದ ‘ಇರಿಟೇಶನ್’ಗೆ ಈಗಾಗಲೇ ಕೆರಳಿಕೆ ಬಳಕೆಯಲ್ಲಿದೆ. ‘ಒಳಕೆರಳು’ ಅಂದರೆ ಆದೀತೇ?

ಅಂಕೋಲಾ, ಕಾರವಾರ, ಹೊನ್ನಾವರದ ಕಡೆಯವರು ಹೇಳಿ. ಹುಣ್ಣು ಕೆರಳಿತು ಅನ್ನುವ ಮಾತು ನಿಮ್ಮಲ್ಲಿ ಇದೆಯಾ? ಮನೆಯ ಹಿರಿಯರು ಬೇರೆ ಏನಾದರೂ ಅನ್ನುತ್ತಾರಾ? ರೋಗಿಗಳ ಹತ್ತಿರ ದಿನಾ ಮಾತಾಡುವ ಡಾಕ್ಟರು, ನರ್ಸಮ್ಮಂದಿರು ಯಾರಾದರೂ ಇದ್ದರೆ, ನೀವು ಬಾಯಲ್ಲಿ ಬಳಸುವ ಪದವನ್ನೇ ಬರೆಯಿರಿ. ಯಾವ ಪದ ಆರಿಸಿದರೂ ಮೊದಲು ಚಿಕ್ಕಮ್ಮನಿಗೆ ಓದಿ ಹೇಳಿ, ಅವರಿಗೆ ಏನು ಅರ್ಥವಾಯಿತು ಅಂತ ಕೇಳಿಕೊಂಡೇ ಅಚ್ಚಿಗೆ ಕೊಡುತ್ತೇನೆ.