ಹೊರದೇಶದಲ್ಲಿ ಅಗ್ಗ, ಮನೆಗೆ ಬರುವಷ್ಟರಲ್ಲಿ ಎಷ್ಟು? ತಂದವರು, ತರಿಸಿದವರು ಹೇಳಿದ್ದು

ಕೇಳಿದವರ ಪ್ರಶ್ನೆ

ಒಂದು ಲ್ಯಾಪ್‌ಟಾಪ್, ಒಂದು ಕ್ಯಾಮೆರಾ ಲೆನ್ಸ್ ಕೊಳ್ಳಬೇಕು. ನಮ್ಮ ದೇಶದ ಬೆಲೆಗೂ ಅಮೆರಿಕದ ವೆಬ್‌ಸೈಟಿನಲ್ಲಿ ಕಾಣುವ ಬೆಲೆಗೂ ಹೆಚ್ಚುಕಮ್ಮಿ ಕಾಲುಭಾಗ ವ್ಯತ್ಯಾಸ ಇದೆ. ಅಕ್ಕ ಅಲ್ಲೇ ಇದ್ದಾಳೆ. ಬರುವಾಗ ತರುತ್ತೇನೆ, ಇಲ್ಲದಿದ್ದರೆ ಕೊರಿಯರ್ ಮಾಡುತ್ತೇನೆ ಅಂತಾಳೆ. ನಿಜಕ್ಕೂ ದುಡ್ಡು ಉಳಿಯುತ್ತದಾ? ಕಸ್ಟಮ್ಸ್‌ನಲ್ಲಿ ಎಷ್ಟು ಹೋಗುತ್ತದೆ? ಕೆಟ್ಟರೆ ಯಾರ ಹತ್ತಿರ ಹೋಗಬೇಕು? ಅನುಭವ ಇದ್ದವರು ದಯವಿಟ್ಟು ಹೇಳಿ.

ಆಮದು ಕಾಗದಪತ್ರದ ಕೆಲಸ ಮಾಡುವವರು

ನೀವು ಹೋಲಿಸುತ್ತಿರುವುದು ಎರಡು ಬೇರೆ ಬೇರೆ ಬಗೆಯ ಬೆಲೆಗಳನ್ನು. ಅಮೆರಿಕದ ವೆಬ್‌ಸೈಟಿನಲ್ಲಿ ಕಾಣುವುದು ತೆರಿಗೆ ಸೇರದ ಬೆಲೆ. ಸೇಲ್ಸ್ ಟ್ಯಾಕ್ಸ್ ಬಿಲ್ ಮಾಡುವಾಗ ಸೇರುತ್ತದೆ. ಅದೂ ರಾಜ್ಯಕ್ಕೊಂದು, ಊರಿಗೊಂದು. ಆರೆಗಾನ್, ಡೆಲವೇರ್, ಮೊಂಟಾನಾ, ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಸೇಲ್ಸ್ ಟ್ಯಾಕ್ಸೇ ಇಲ್ಲ. ಬೇರೆ ಕೆಲವು ಕಡೆ ರಾಜ್ಯದ್ದು, ಊರಿನದು ಸೇರಿ ಶೇಕಡಾ 10ರ ಹತ್ತಿರ ಹೋಗುತ್ತದೆ. ಯುರೋಪಿನಲ್ಲಿ ಇದು ಉಲ್ಟಾ. ಅಲ್ಲಿ ಅಂಗಡಿಯ ಚೀಟಿಯಲ್ಲಿರುವ ಬೆಲೆಯೊಳಗೇ ವ್ಯಾಟ್ ಕೂತಿರುತ್ತದೆ. ಜರ್ಮನಿಯಲ್ಲಿ ಶೇ 19, ಬ್ರಿಟನ್ನಿನಲ್ಲಿ ಶೇ 20, ಹಂಗೆರಿಯಲ್ಲಿ ಶೇ 27. ಹಾಗಾಗಿ "ಅಮೆರಿಕದಲ್ಲಿ 1000, ಬ್ರಿಟನ್ನಿನಲ್ಲಿ 1200" ಅಂತ ಯಾರಾದರೂ ಹೇಳಿದರೆ ಅಲ್ಲಿ ವ್ಯತ್ಯಾಸವೇ ಇಲ್ಲ. ಆ 200 ಪೂರ್ತಿ ವ್ಯಾಟ್. ಮೊದಲು ಎರಡೂ ಕಡೆಯ ತೆರಿಗೆ ತೆಗೆದು ನೋಡಿ. ನಿಮ್ಮ ಕಾಲುಭಾಗ ಅಲ್ಲೇ ಅರ್ಧ ಕರಗಬಹುದು.

ಇನ್ನು ಕಸ್ಟಮ್ಸ್. ಸುಂಕ ಶೇ 10, ವ್ಯಾಟ್ ಅಥವಾ ಜಿಎಸ್‌ಟಿ ಶೇ 20 ಅಂದುಕೊಳ್ಳಿ. ಎರಡೂ ಕೂಡಿ 30 ಅಂತ ಲೆಕ್ಕ ಹಾಕುವವರೇ ಜಾಸ್ತಿ. ಅದು ಹಾಗಲ್ಲ. ವಸ್ತುವಿನ ಬೆಲೆ 1000, ಸಾಗಣೆ ಮತ್ತು ವಿಮೆ 50 ಇದ್ದರೆ, ಬಹಳಷ್ಟು ದೇಶಗಳು 1050ರ ಮೇಲೆ ಸುಂಕ ಹಾಕುತ್ತವೆ. ಅದು 105. ಅಲ್ಲಿಗೆ 1155 ಆಯಿತು. ವ್ಯಾಟ್ ಬೀಳುವುದು ಈ 1155ರ ಮೇಲೆ, ಅಂದರೆ 231. ಒಟ್ಟು 1386. ಸುಂಕದ ಮೇಲೂ ತೆರಿಗೆ, ಸಾಗಣೆಯ ಮೇಲೂ ತೆರಿಗೆ. ಅಮೆರಿಕದಂಥ ಕೆಲವು ದೇಶಗಳು ಮಾತ್ರ ಸಾಗಣೆ ಬಿಟ್ಟು ಲೆಕ್ಕ ಹಾಕುತ್ತವೆ.

ಸುಂಕದ ದರ ನಿಂತಿರುವುದು ಎಚ್‌ಎಸ್ ಕೋಡ್ ಮೇಲೆ, ಅಂದರೆ ಕಸ್ಟಮ್ಸ್‌ನವರು ಒಂದೊಂದು ಬಗೆಯ ವಸ್ತುವಿಗೆ ಕೊಡುವ ಸಂಖ್ಯೆಯ ಮೇಲೆ. ಇಡೀ ಜಗತ್ತಿನಲ್ಲಿ ಮೊದಲ 6 ಅಂಕಿಗಳು ಒಂದೇ. ಲ್ಯಾಪ್‌ಟಾಪ್ 8471.30, ಸ್ಮಾರ್ಟ್‌ಫೋನ್ 8517.13. ಈ ಅಂಕಿ ಹಿಡಿದು ನಿಮ್ಮ ದೇಶದ ಸುಂಕದ ಪಟ್ಟಿ ನೋಡಿ. ಊಹೆ ಬೇಡ. ಯಾಕೆಂದರೆ "ಎಲೆಕ್ಟ್ರಾನಿಕ್ಸ್‌ಗೆ ಇಷ್ಟು" ಅಂತ ಒಂದೇ ದರ ಸಾಮಾನ್ಯವಾಗಿ ಇರುವುದಿಲ್ಲ. ಐರೋಪ್ಯ ಒಕ್ಕೂಟದಲ್ಲಿ ಲ್ಯಾಪ್‌ಟಾಪ್‌ಗೆ ಸುಂಕ ಸೊನ್ನೆ, ಟಿವಿಗೆ ಶೇ 14. ಇದಕ್ಕೆ ಕಾರಣ ಹಳೆಯದು. 1996ರಲ್ಲಿ ಸಿಂಗಪುರದಲ್ಲಿ ಆದ ಮಾಹಿತಿ ತಂತ್ರಜ್ಞಾನ ಒಪ್ಪಂದದಲ್ಲಿ ಕಂಪ್ಯೂಟರು, ಅದರ ಭಾಗಗಳು, ದೂರಸಂಪರ್ಕದ ಸಾಮಾನುಗಳಿಗೆ ಸುಂಕ ತೆಗೆಯಲು ಹಲವು ದೇಶಗಳು ಒಪ್ಪಿದವು. ಮನೆಯ ಟಿವಿ ಅದರೊಳಗೆ ಬರಲಿಲ್ಲ. ಆದರೆ ಸುಂಕ ಸೊನ್ನೆ ಅಂದ ಮಾತ್ರಕ್ಕೆ ತೆರಿಗೆ ಸೊನ್ನೆ ಅಲ್ಲ. ವ್ಯಾಟ್ ಬಂದೇ ಬರುತ್ತದೆ.

ಕೊರಿಯರ್‌ನಲ್ಲಿ ಆಗಾಗ ತರಿಸುವವರು

ಮೇಲಿನವರ ಲೆಕ್ಕಕ್ಕೆ ಇನ್ನೊಂದು ಸಾಲು ಸೇರಿಸಿ. ಕೊರಿಯರ್ ಕಂಪನಿ ನಿಮ್ಮ ಪರವಾಗಿ ತೆರಿಗೆಯನ್ನು ಮುಂಗಡ ಕಟ್ಟುತ್ತದೆ. ಆ ಉಪಕಾರಕ್ಕೂ ಒಂದು ಶುಲ್ಕ ಹಾಕುತ್ತದೆ. ಆ ಶುಲ್ಕದ ಮೇಲೂ ತೆರಿಗೆ ಇರಬಹುದು. ದೊಡ್ಡ ವಸ್ತುವಿಗೆ ಇದು ಗೊತ್ತಾಗುವುದಿಲ್ಲ. ಒಂದು ಸಣ್ಣ ಹೆಡ್‌ಫೋನ್ ತರಿಸಿದಾಗ ನನಗೆ ಸುಂಕಕ್ಕಿಂತ ಈ ಶುಲ್ಕವೇ ಜಾಸ್ತಿ ಬಂದಿತ್ತು. ಆಮೇಲಿಂದ ನಾನು ಡಿಡಿಪಿ, ಅಂದರೆ ಸುಂಕ ತೆರಿಗೆ ಎಲ್ಲ ಸೇರಿಸಿ ಮಾರುವವರೇ ಕಟ್ಟುವ ಬೆಲೆ, ಇದ್ದರೆ ಅದನ್ನೇ ಆರಿಸುತ್ತೇನೆ. ಸ್ವಲ್ಪ ದುಬಾರಿ ಅನ್ನಿಸಿದರೂ ಬಾಗಿಲಲ್ಲಿ ಅಚ್ಚರಿ ಇರುವುದಿಲ್ಲ.

"ಸಣ್ಣ ಪಾರ್ಸೆಲ್‌ಗೆ ತೆರಿಗೆ ಇಲ್ಲ" ಅನ್ನುವ ಹಳೆಯ ಸಲಹೆ ನಂಬಬೇಡಿ. ಆ ಬಾಗಿಲು ಒಂದೊಂದಾಗಿ ಮುಚ್ಚುತ್ತಿವೆ. ಐರೋಪ್ಯ ಒಕ್ಕೂಟ 22 ಯೂರೋ ತನಕ ಇದ್ದ ವ್ಯಾಟ್ ವಿನಾಯಿತಿಯನ್ನು 2021ರ ಜುಲೈ 1ರಿಂದ ತೆಗೆಯಿತು. ಅಮೆರಿಕ 800 ಡಾಲರ್ ತನಕದ ಪಾರ್ಸೆಲ್ ವಿನಾಯಿತಿಯನ್ನು 2025ರ ಆಗಸ್ಟ್ 29ರಿಂದ ಎಲ್ಲ ದೇಶಗಳಿಗೂ ನಿಲ್ಲಿಸಿತು. ಬ್ರೆಜಿಲ್‌ನಲ್ಲಂತೂ 50 ಡಾಲರ್ ದಾಟಿದ ಪಾರ್ಸೆಲ್‌ಗೆ ಶೇ 60ರ ಸುಂಕ, ಅದರ ಮೇಲೆ ರಾಜ್ಯದ ತೆರಿಗೆ ಬೇರೆ.

ಅಕ್ಕ ಪ್ರೀತಿಯಿಂದ "ಗಿಫ್ಟ್" ಅಂತ ಬರೆದು ಬೆಲೆ ಕಡಿಮೆ ಹಾಕುತ್ತೇನೆ ಅಂದರೆ ಬೇಡ ಅನ್ನಿ. ಉಡುಗೊರೆಗೂ ಮಿತಿ ಇದೆ, ಆ ಮಿತಿಯೂ ಬಹಳ ಚಿಕ್ಕದು. ಬೆಲೆ ತಪ್ಪು ಬರೆದರೆ ಕಸ್ಟಮ್ಸ್‌ನವರು ತಮ್ಮದೇ ಬೆಲೆ ಹಾಕಿ ದಂಡವನ್ನೂ ಸೇರಿಸಬಹುದು. ಅದಕ್ಕಿಂತ ಮುಖ್ಯ, ದಾರಿಯಲ್ಲಿ ಪಾರ್ಸೆಲ್ ಕಳೆದರೆ ವಿಮೆ ಸಿಗುವುದು ನೀವು ಬರೆದ ಬೆಲೆಗಷ್ಟೇ.

ವಾಪಸ್ ಕಳಿಸುವ ವಿಚಾರವನ್ನೂ ಯೋಚಿಸಿ. ಮಾರಿದವರು ವಸ್ತುವಿನ ದುಡ್ಡು ಕೊಡುತ್ತಾರೆ. ಕಟ್ಟಿದ ಸುಂಕ ಅವರ ಕೈಯಲ್ಲಿಲ್ಲ. ಅದನ್ನು ನೀವೇ ಕಸ್ಟಮ್ಸ್‌ಗೆ ಅರ್ಜಿ ಹಾಕಿ ಕೇಳಬೇಕು. ನಾನು ಒಂದು ಸಲ ಕೇಳಿ ಪಡೆದಿದ್ದೇನೆ, ಆದರೆ ಅಷ್ಟು ಪತ್ರ ವ್ಯವಹಾರಕ್ಕೆ ತಾಳ್ಮೆ ಬೇಕು.

ಪದೇ ಪದೇ ವಿಮಾನ ಹತ್ತುವವರು

ಮೇಲೆ ಬಂದ 800 ಡಾಲರ್ ವಿಚಾರ ಒಂದು ಸಣ್ಣ ಗೊಂದಲ ಮಾಡುತ್ತದೆ. ನಿಂತದ್ದು ಪಾರ್ಸೆಲ್‌ನ 800. ಅಮೆರಿಕದ ನಿವಾಸಿಗಳು ಹೊರಗಿನಿಂದ ಮರಳುವಾಗ ಕೈಯಲ್ಲಿ ತರುವುದಕ್ಕೆ ಸಾಮಾನ್ಯವಾಗಿ ಸಿಗುವ 800ರ ವಿನಾಯಿತಿ ಬೇರೆ ನಿಯಮ. ಬಹಳಷ್ಟು ದೇಶಗಳಲ್ಲೂ ಹೀಗೇ. ಲಗೇಜಿಗೆ ಒಂದು ನಿಯಮ, ಅಂಚೆಗೆ ಇನ್ನೊಂದು. ಒಂದರ ಅಂಕಿ ಇನ್ನೊಂದಕ್ಕೆ ಹಚ್ಚಬೇಡಿ.

ಲಗೇಜ್ ಮಿತಿಯಲ್ಲೂ ಒಂದು ಮುಳ್ಳಿದೆ. ಐರೋಪ್ಯ ಒಕ್ಕೂಟಕ್ಕೆ ವಿಮಾನದಲ್ಲಿ ಬಂದರೆ ಒಬ್ಬರಿಗೆ 430 ಯೂರೋ ತನಕ ಮಾಫಿ. ಲ್ಯಾಪ್‌ಟಾಪ್ 1000 ಯೂರೋ ಆದರೆ ಉಳಿದ 570ಕ್ಕೆ ಮಾತ್ರ ತೆರಿಗೆ ಅಂದುಕೊಳ್ಳುತ್ತೇವೆ, ಅಲ್ವಾ? ಇಲ್ಲ. ಒಂದೇ ವಸ್ತುವಿನ ಬೆಲೆ ಒಡೆಯಲು ಬರುವುದಿಲ್ಲ, ಪೂರ್ತಿ 1000ಕ್ಕೂ ತೆರಿಗೆ. ಗಂಡ ಹೆಂಡತಿ ಇಬ್ಬರ ಮಿತಿ ಸೇರಿಸಿ ಒಂದು ಲ್ಯಾಪ್‌ಟಾಪ್ ತೋರಿಸುವುದಕ್ಕೂ ಆಗುವುದಿಲ್ಲ. ಬೇರೆ ಕೆಲವು ದೇಶಗಳಲ್ಲಿ ಮಿತಿ ದಾಟಿದ ಭಾಗಕ್ಕೆ ಮಾತ್ರ ಹಾಕುತ್ತಾರೆ. ನಿಮ್ಮ ದೇಶದ್ದು ಯಾವ ಬಗೆ ಅಂತ ಅಕ್ಕ ಹೊರಡುವ ಮುಂಚೆ ನೋಡಿಕೊಳ್ಳಿ. ಡಬ್ಬ ಬಿಸಾಕಿ ತಂದರೆ ಹಳೆಯದು ಅಂದುಕೊಳ್ಳುತ್ತಾರೆ ಅನ್ನುವುದು ಸುಮ್ನೆ ಮಾತು. ಸೀರಿಯಲ್ ನಂಬರ್ ಹಾಕಿದರೆ ಮಾಡೆಲ್ ಯಾವುದು, ಹೊಸದಾ ಅಂತ ಗೊತ್ತಾಗುತ್ತದೆ. ಬಿಲ್ ಇಟ್ಟುಕೊಂಡು ಕೆಂಪು ಸಾಲಿನಲ್ಲಿ, ಅಂದರೆ ಸುಂಕದ ವಸ್ತು ಇದೆ ಅಂತ ತಾವೇ ಹೇಳುವವರ ಸಾಲಿನಲ್ಲಿ, ನಿಂತರೆ ಕೆಲಸ ಬೇಗ ಮುಗಿಯುತ್ತದೆ. ಬಿಲ್ ಇಲ್ಲದಿದ್ದರೆ ಅವರು ಹಾಕಿದ್ದೇ ಬೆಲೆ.

ಪ್ರವಾಸಿಗರಿಗೆ ವ್ಯಾಟ್ ವಾಪಸ್ ಸಿಗುತ್ತದೆ ಅಂತ ಮುಂದೆ ಯಾರಾದರೂ ಹೇಳಬಹುದು. ಸಿಗುತ್ತದೆ, ಆದರೆ ಎಲ್ಲೆಡೆ ಅಲ್ಲ. ಅಮೆರಿಕದಲ್ಲಿ ದೇಶಕ್ಕೆಲ್ಲ ಅನ್ವಯಿಸುವ ಅಂಥ ವ್ಯವಸ್ಥೆ ಇಲ್ಲ. ಬ್ರಿಟನ್ ಅದನ್ನು 2021ರ ಜನವರಿ 1ರಿಂದ ನಿಲ್ಲಿಸಿತು, ಉತ್ತರ ಐರ್ಲೆಂಡ್ ಬಿಟ್ಟು. ಐರೋಪ್ಯ ಒಕ್ಕೂಟದಲ್ಲಿ ಉಂಟು, ಹೊರಗಿನ ನಿವಾಸಿಗಳಿಗೆ. ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸ್ ಮುದ್ರೆ ಬೇಕು. ವಸ್ತು ತೋರಿಸು ಅಂತ ಕೇಳಿದರೆ ತೋರಿಸಬೇಕು, ಅದಕ್ಕೇ ಲಗೇಜ್ ಕೊಟ್ಟು ಕಳಿಸುವ ಮೊದಲೇ ಆ ಕೆಲಸ ಮುಗಿಸಿ. ಅಂದಹಾಗೆ ಶೇ 20 ವ್ಯಾಟ್ ಅಂದರೆ ಕೈಗೆ 20 ಬರುವುದಿಲ್ಲ. 120ರ ಬೆಲೆಯಲ್ಲಿ ತೆರಿಗೆ 20, ಅಂದರೆ ಕೊಟ್ಟ ದುಡ್ಡಿನ ಆರನೇ ಒಂದು ಭಾಗ. ಅದರಲ್ಲೂ ಮಧ್ಯವರ್ತಿ ಕಂಪನಿಯ ಕಮಿಷನ್ ಹೋಗುತ್ತದೆ. ಜಪಾನ್‌ನಲ್ಲಿ ಅಂಗಡಿಯಲ್ಲೇ ತೆರಿಗೆ ಬಿಟ್ಟು ಕೊಡುವ ಪದ್ಧತಿ 2026ರ ನವೆಂಬರ್ 1ರಿಂದ ಬದಲಾಗಿ, ಪೂರ್ತಿ ಕೊಟ್ಟು ಹೊರಡುವಾಗ ವಾಪಸ್ ಪಡೆಯುವ ಪದ್ಧತಿ ಆಗುತ್ತದೆ.

ಟರ್ಕಿಯಲ್ಲಿ ಕೆಲಸ ಮಾಡಿ ಬಂದವರು

ಕೇಳಿದವರು ಫೋನ್ ಕೊಳ್ಳುತ್ತಿಲ್ಲ, ಆದರೂ ಹೇಳುತ್ತೇನೆ. ಅಲ್ಲಿ ಹೊರಗಿನ ಫೋನ್ ತಂದರೆ ಐಎಂಇಐ ನಂಬರ್, ಅಂದರೆ ಪ್ರತಿ ಫೋನಿಗೂ ಇರುವ ಗುರುತಿನ ಸಂಖ್ಯೆ, ನೋಂದಾಯಿಸಬೇಕು. ಮಾಡದಿದ್ದರೆ 120 ದಿನದ ನಂತರ ಅಲ್ಲಿನ ಸಿಮ್ ಆ ಫೋನಿನಲ್ಲಿ ನಡೆಯುವುದಿಲ್ಲ. ನೋಂದಣಿ ಶುಲ್ಕ ಎಷ್ಟಿದೆ ಎಂದರೆ ಜನ ಅದನ್ನು ನೋಡಿಯೇ ಸುಮ್ಮನಾಗುತ್ತಾರೆ. ಪಾಕಿಸ್ತಾನ, ಇಂಡೋನೇಷ್ಯಾದಲ್ಲೂ ಇಂಥದ್ದೇ ವ್ಯವಸ್ಥೆ. ಕಸ್ಟಮ್ಸ್ ದಾಟಿದರೆ ಗೆದ್ದೆ ಅನ್ನುವ ಮಾತು ಫೋನಿಗೆ ನಡೆಯುವುದಿಲ್ಲ.

ಕ್ಯಾಮೆರಾ ಹುಚ್ಚಿನವರು

ತೆರಿಗೆಯ ಲೆಕ್ಕ ಎಲ್ಲರೂ ಮಾಡುತ್ತಾರೆ. ನಾನು ಹೇಳುವುದು ಡಬ್ಬದೊಳಗಿನ ವಸ್ತುವಿನ ಬಗ್ಗೆ. ಒಂದೇ ಹೆಸರಿನ ಮಾಲು ದೇಶಕ್ಕೊಂದು ಥರ ಇರುತ್ತದೆ. ಜಪಾನ್ ಮಾರುಕಟ್ಟೆಗೆ ಮಾಡಿದ ಹಲವು ಸೋನಿ ಕ್ಯಾಮೆರಾಗಳಲ್ಲಿ ಮೆನು ಜಪಾನಿ ಭಾಷೆಯಲ್ಲಿ ಮಾತ್ರ. ಅಲ್ಲಿನ ಹಲವು ಫೋನುಗಳಲ್ಲಿ ಫೋಟೋ ತೆಗೆಯುವಾಗಿನ ಸದ್ದು ನಿಲ್ಲಿಸಲು ಬಿಡುವುದಿಲ್ಲ. ಅಮೆರಿಕದಲ್ಲಿ ಮಾರುವ ಐಫೋನುಗಳಲ್ಲಿ 2022ರ ಐಫೋನ್ 14ರಿಂದ ಸಿಮ್ ಹಾಕುವ ಜಾಗವೇ ಇಲ್ಲ, ಫೋನಿನೊಳಗೇ ಕೂತಿರುವ ಇಸಿಮ್ ಮಾತ್ರ. ಟಿವಿ ತರುವವರು ಪ್ರಸಾರದ ಮಾದರಿ ನೋಡಬೇಕು. ಉತ್ತರ ಅಮೆರಿಕದ್ದು ಎಟಿಎಸ್‌ಸಿ, ಯುರೋಪಿನದು ಡಿವಿಬಿ.

ಲ್ಯಾಪ್‌ಟಾಪ್ ಚಾರ್ಜರ್‌ಗೆ ಹೆದರಬೇಕಾಗಿಲ್ಲ. ಹೆಚ್ಚಿನವು 100ರಿಂದ 240 ವೋಲ್ಟ್ ತನಕ ತಡೆಯುತ್ತವೆ, ಅದರ ಮೇಲೇ ಬರೆದಿರುತ್ತದೆ. ಆದರೆ ಜಪಾನಿನ 100 ವೋಲ್ಟಿನ ಆಂಪ್ಲಿಫೈಯರ್ ಅನ್ನು 230ಕ್ಕೆ ಚುಚ್ಚಿದರೆ ಮುಗಿಯಿತು. ಕೀಬೋರ್ಡ್ ಮಾತ್ರ ಗಮನಿಸಿ. ಜರ್ಮನಿಯ ಲ್ಯಾಪ್‌ಟಾಪ್‌ನಲ್ಲಿ ವೈ ಮತ್ತು ಝಡ್ ಅದಲುಬದಲಾಗಿರುತ್ತವೆ.

ವಾರಂಟಿ ವಿಚಾರಕ್ಕೆ ಬಂದರೆ, ಕೆಲವು ಕಂಪನಿಗಳ ಲ್ಯಾಪ್‌ಟಾಪ್ ವಾರಂಟಿ ಬೇರೆ ದೇಶದಲ್ಲೂ ನಡೆಯುತ್ತದೆ. ಕ್ಯಾಮೆರಾ, ಲೆನ್ಸ್ ಕಂಪನಿಗಳಲ್ಲಿ ಹಲವು ಹಾಗಲ್ಲ. ದುಡ್ಡು ಕೊಡುತ್ತೇನೆ ಅಂದರೂ ಹೊರದೇಶದ ಮಾಲು ಮುಟ್ಟದ ಸರ್ವಿಸ್ ಸೆಂಟರ್ ನೋಡಿದ್ದೇನೆ. ಐರೋಪ್ಯ ಒಕ್ಕೂಟದಲ್ಲಿ ಕನಿಷ್ಠ 2 ವರ್ಷದ ಕಾನೂನು ಹೊಣೆ ಇದೆ, ಆದರೆ ಆ ಹೊಣೆ ಮಾರಿದ ಅಂಗಡಿಯದು. ನೀವು ಸಾವಿರಾರು ಕಿಲೋಮೀಟರ್ ದೂರ ಇದ್ದರೆ ಅದು ಇದ್ದೂ ಇಲ್ಲದ ಹಾಗೆ. ಅಲ್ಲಿನ ಬೆಲೆ ತೆರಿಗೆ ತೆಗೆದ ಮೇಲೂ ಸ್ವಲ್ಪ ಜಾಸ್ತಿ ಕಾಣುವುದಕ್ಕೆ ಈ 2 ವರ್ಷದ ಹೊಣೆಯೂ ಒಂದು ಕಾರಣ ಅಂತ ನನ್ನ ಅಂದಾಜು. ಅಮೆರಿಕದ ಬೆಲೆಯಲ್ಲಿ ಅದಿಲ್ಲ.

ಲೆಕ್ಕ ಬರೆಯುವ ಕೆಲಸದವರು

ಎಲ್ಲ ವ್ಯತ್ಯಾಸವೂ ತೆರಿಗೆಯಿಂದ ಬಂದದ್ದು ಅಂತಲೂ ಅಂದುಕೊಳ್ಳಬೇಡಿ. ಆಸ್ಟ್ರೇಲಿಯಾದ ಜನ ಇದೇ ದೂರು ಹೇಳಿದಾಗ, 2013ರಲ್ಲಿ ಅಲ್ಲಿನ ಸಂಸತ್ ಸಮಿತಿ ಆ್ಯಪಲ್, ಮೈಕ್ರೋಸಾಫ್ಟ್, ಅಡೋಬಿ ಕಂಪನಿಗಳನ್ನು ಕರೆಸಿ ಕೇಳಿತ್ತು. ಜನ ಕೊಡುವಷ್ಟು ಕೇಳುವುದೂ ಬೆಲೆ ಕಟ್ಟುವ ಒಂದು ರೀತಿ.

ಇನ್ನೊಂದು ಕಾರಣ ವಿನಿಮಯ ದರ. ಕಂಪನಿಗಳು ಬಿಡುಗಡೆಯ ದಿನ ದೇಶವಾರು ಬೆಲೆ ಕಟ್ಟಿ ತಿಂಗಳುಗಟ್ಟಲೆ ಅದನ್ನೇ ಇಡುತ್ತವೆ. ಅಷ್ಟರಲ್ಲಿ ಹಣದ ಬೆಲೆ ಬಿದ್ದರೆ ಅಂತರ ತೆರೆದುಕೊಳ್ಳುತ್ತದೆ. 2022ರಲ್ಲಿ ಯೆನ್ ಕುಸಿದಾಗ ಜಪಾನ್‌ನಲ್ಲಿ ಐಫೋನ್ ಬಹಳ ಅಗ್ಗ ಕಂಡಿತು. ಆ್ಯಪಲ್ ಅದೇ ವರ್ಷದ ಜುಲೈ 1ಕ್ಕೆ ಅಲ್ಲಿ ಬೆಲೆ ಏರಿಸಿಬಿಟ್ಟಿತು. ಇಂಥ ಅಂತರ ನಿಜವಾದ ಅಗ್ಗ, ಆದರೆ ಹೆಚ್ಚು ದಿನ ಬಾಳುವುದಿಲ್ಲ. ನೀವು ಕಾರ್ಡ್‌ನಲ್ಲಿ ಕೊಟ್ಟರೆ ಬ್ಯಾಂಕಿನ ವಿನಿಮಯ ಶುಲ್ಕ ಸೇರಿಸಿ ನೋಡಿ. ಮೆಷಿನ್ "ನಿಮ್ಮ ದೇಶದ ಹಣದಲ್ಲಿ ಕೊಡುತ್ತೀರಾ" ಅಂತ ಕೇಳಿದರೆ ಬೇಡ ಅನ್ನಿ, ಅಂಗಡಿ ಇರುವ ದೇಶದ ಹಣವನ್ನೇ ಆರಿಸಿ. ಆ ಪ್ರಶ್ನೆಯ ಹಿಂದೆ ಯಾವಾಗಲೂ ಕೆಟ್ಟ ದರ ಇರುತ್ತದೆ ಅಂತಲೇ ಇಟ್ಟುಕೊಳ್ಳಿ.

ಕೇಳಿದವರು ಮತ್ತೆ

ಎಲ್ಲರಿಗೂ ಥ್ಯಾಂಕ್ಸ್. ಕೂತು ಲೆಕ್ಕ ಹಾಕಿದೆ. ಲ್ಯಾಪ್‌ಟಾಪ್‌ನಲ್ಲಿ ತೆರಿಗೆ, ಕಾರ್ಡ್ ಶುಲ್ಕ ಎಲ್ಲ ಕಳೆದರೆ ಏನೂ ಉಳಿಯುವುದಿಲ್ಲ. ಅದನ್ನು ಇಲ್ಲೇ ತೆಗೆದುಕೊಳ್ಳುತ್ತೇನೆ. ಲೆನ್ಸ್‌ನಲ್ಲಿ ಮಾತ್ರ ಇನ್ನೂ ಸಾಕಷ್ಟು ಉಳಿಯುತ್ತದೆ, ನಮ್ಮ ಲಗೇಜ್ ಮಿತಿಯೊಳಗೂ ಬರುತ್ತದೆ. ವಾರಂಟಿ ಇಲ್ಲ ಅನ್ನುವುದೊಂದೇ ಅಳುಕು.

ಕ್ಯಾಮೆರಾ ಹುಚ್ಚಿನವರು

ಲೆನ್ಸ್ ಆದರೆ ನಾನೂ ತರಿಸುತ್ತಿದ್ದೆ. ಮೆನು ಇಲ್ಲ, ವೋಲ್ಟೇಜ್ ಇಲ್ಲ, ಸಿಮ್ ಇಲ್ಲ. ಅದರಲ್ಲಿ ಬರುವ ದೋಷ ಹೆಚ್ಚಾಗಿ ಮೊದಲ ದಿನವೇ ಕಾಣುವಂಥದ್ದು, ಒಂದು ಮೂಲೆ ಮಸುಕಾಗಿರುವುದು, ಫೋಕಸ್ ಕೂರದಿರುವುದು. ಅಕ್ಕನಿಗೆ ಹೇಳಿ, ಹೊರಡುವ ಹಿಂದಿನ ದಿನ ಕೊಳ್ಳಬೇಡ ಅಂತ. ಅಂಗಡಿಯ ವಾಪಸಾತಿ ಅವಧಿ ಮುಗಿಯುವ ಮುಂಚೆ ಯಾರದಾದರೂ ಕ್ಯಾಮೆರಾಗೆ ಹಾಕಿ, ಇಟ್ಟಿಗೆ ಗೋಡೆಯ ಎದುರು ನೇರ ನಿಂತು, ಅಪರ್ಚರ್ (ಲೆನ್ಸಿನಲ್ಲಿ ಬೆಳಕು ಒಳಬರುವ ಕಿಂಡಿ) ಪೂರ್ತಿ ತೆರೆದು ನಾಲ್ಕು ಫೋಟೋ ತೆಗೆದು ನಿಮಗೆ ಕಳಿಸಲಿ. ನಾಲ್ಕೂ ಮೂಲೆ ದೊಡ್ಡದು ಮಾಡಿ ನೋಡಿ. ಒಂದು ಮೂಲೆ ಮಾತ್ರ ಮಸುಕಾಗಿದ್ದರೆ ಅಲ್ಲೇ ಬದಲಾಯಿಸಲಿ.